ಎಡ ಮಗ್ಗಲು

ಚಿತ್ತಾಪುರದ ಮುಸಲ್ಮಾನರ ಮನೆಗಳಲ್ಲಿ ಗಂಡಸರು ಯಾರಾದರೂ ತೀರಿಕೊಂಡರೆ ಮೊದಲು ಕರೆ ಹೋಗುತ್ತಿದ್ದುದು ಗುಲಾಮ ದಸ್ತಗೀರರಿಗೆ. ಹೊಟ್ಟೆಪಾಡಿಗೆ ಅವರು ಅರಳೆ ಹಿಂಜಿ ಗಾದಿ ತುಂಬುತ್ತಿದ್ದರು. ಸತ್ತವರಿಗೆ ಕೊನೆಯ ಜಳಕ ಮಾಡಿಸುವುದು, ಗುಸುಲ್ ಕೊಡುವುದು, ತಂದೆಯಿಂದ ಬಂದ ಸೇವೆ. ಅದಕ್ಕೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಮುಗಿದ ಮೇಲೆ ಯಾರಾದರೂ ಚಹಾ ಕೊಟ್ಟರೆ ಕುಡಿಯುತ್ತಿದ್ದರು, ಸಕ್ಕರೆ ಕಡಿಮೆಯಾದರೆ ಮುಖ ಸಿಂಡರಿಸುತ್ತಿದ್ದರು.

ಊರೆಲ್ಲ ಅವರನ್ನು ದಸ್ತಗೀರ ಚಾಚಾ ಅನ್ನುತ್ತಿತ್ತು. ಸತ್ತವರ ಜೊತೆ ಇಷ್ಟು ಸಲುಗೆ ಇರುವ ಮನುಷ್ಯನಿಗೆ ಅಂಜಿಕೆ ಎಲ್ಲಿಂದ ಬರಬೇಕು ಎಂದೂ ಊರು ತೀರ್ಮಾನಿಸಿಬಿಟ್ಟಿತ್ತು. ಊರಿಗೆ ತೀರ್ಮಾನ ಮಾಡಲು ಹೊತ್ತು ಬೇಕಾಗುವುದಿಲ್ಲ. ನಿಜ ಹೇಳಬೇಕೆಂದರೆ ಚಾಚಾ ಶುದ್ಧ ಪುಕ್ಕಲು. ಸಿಡುಬಿನ ಚುಚ್ಚು ಹಾಕುವವರು ಓಣಿಗೆ ಬಂದಾಗ ಅರಳೆಯ ರಾಶಿಯ ಹಿಂದೆ ಅಡಗಿ ಕುಳಿತಿದ್ದವರು ಅವರು. ಮಕ್ಕಳು ತೋಳು ಉಜ್ಜಿಕೊಳ್ಳುತ್ತ ಹೊರಗೆ ಬಂದರೆ ಚಾಚಾ ಗಡ್ಡದ ತುಂಬ ಅರಳೆ ಹತ್ತಿಸಿಕೊಂಡು ಹೊರಗೆ ಬಂದರು.

ಗುಸುಲ್ ಕೊಡುವಾಗ ಮಾತ್ರ ಅವರ ಕೈ ನಡುಗುತ್ತಿರಲಿಲ್ಲ. ಹಲಗೆಯ ಮೇಲೆ ಮಲಗಿಸಿದವನ ಹೊಕ್ಕುಳಿಂದ ಮೊಣಕಾಲವರೆಗೆ ಬಟ್ಟೆ ಹೊದಿಸುತ್ತಿದ್ದರು. ಆ ಬಟ್ಟೆಯ ಕೆಳಗೆ ಕಣ್ಣು ಹೋಗಬಾರದು, ಬರಿಗೈಯೂ ಹೋಗಬಾರದು. ಕೈಗೆ ಇನ್ನೊಂದು ಬಟ್ಟೆ ಸುತ್ತಿಕೊಂಡು ತೊಳೆಯಬೇಕು. ಮೊದಲು ಎಡ ಮಗ್ಗಲಿಗೆ ಹೊರಳಿಸಿ ಬಲಭಾಗಕ್ಕೆ ನೀರು, ಆಮೇಲೆ ಬಲ ಮಗ್ಗಲು. ಇದು ಎಲ್ಲರೂ ಮಾಡುವ ಕ್ರಮ. ಚಾಚಾ ಅದಕ್ಕೆ ತಮ್ಮದೊಂದನ್ನು ಸೇರಿಸಿದ್ದರು. ಏನು ಮಾಡುವ ಮೊದಲೂ ಸತ್ತವನಿಗೆ ಮೆಲ್ಲಗೆ ಹೇಳುತ್ತಿದ್ದರು: "ಅಂಜಬ್ಯಾಡ ಭಾಯಿ, ಈಗ ನೀರು ಹಾಕ್ತೀನಿ. ಅಂಜಬ್ಯಾಡ, ಈಗ ಎಡ ಮಗ್ಗಲಾ ಹೊಳ್ಸ್ತೀನಿ."

ಕಿರಾಣಿ ಅಂಗಡಿಯ ಅಬ್ದುಲ್ ಗನಿ ಒಮ್ಮೆ ಅವರನ್ನು ಕೆಣಕಿದ್ದ.

"ಚಾಚಾ, ಅಂವಾ ಏನ್ ಕೇಳ್ತಾನಂತ ಹೇಳ್ತೀರಿ?"

"ಕೇಳ್ತಾನೋ ಇಲ್ಲೋ, ನನಗೇನ್ ಗೊತ್ತು. ಹೇಳದೇ ಕೇಳದೇ ಯಾರ ಮೈಗೂ ಕೈ ಹಚ್ಚಬಾರದು."

ಇನ್ನೊಂದು ನಿಯಮ ಅವರು ಮಾಡಿದ್ದಲ್ಲ, ಹಿರಿಯರದು. ಹಲಗೆಯ ಮೇಲಿನ ಮೈಯಲ್ಲಿ ಗಾಯ ಕಾಣಲಿ, ರೋಗ ಕಾಣಲಿ, ಅದು ಜಳಕ ಮಾಡಿಸಿದವನ ಹೊಟ್ಟೆಯೊಳಗೇ ಉಳಿಯಬೇಕು. ಸತ್ತವನ ಹೆಂಡತಿ ಕೇಳಿದರೂ ಹೇಳುವ ಹಾಗಿಲ್ಲ. ಹೀಗೆ ಊರಿನ ಗಂಡಸರ ಗುಟ್ಟುಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಅಭ್ಯಾಸವಾಗಿದ್ದ ಮನುಷ್ಯ, ತಮ್ಮ ಮೈಗೆ ರೋಗ ಬಂದಾಗ ಅದನ್ನೂ ಅಲ್ಲೇ ಇಟ್ಟುಕೊಂಡರು.

ಮೂತ್ರಕ್ಕೆ ಕುಳಿತರೆ ಬೇಗ ಏಳಲು ಆಗುತ್ತಿರಲಿಲ್ಲ. ಮಸೀದಿಯಲ್ಲಿ ಎಲ್ಲರೂ ಕೈಕಾಲು ಮುಖ ತೊಳೆದು ವಜೂ ಮುಗಿಸಿ ಸಾಲಿನಲ್ಲಿ ನಿಂತರೂ ಚಾಚಾ ಇನ್ನೂ ಹಿಂದಿನ ಗೋಡೆಯ ಮರೆಯಲ್ಲೇ ಇರುತ್ತಿದ್ದರು. ನಮಾಜಿಗೆ ನಿಂತಾಗ ಹನಿ ಬಿತ್ತೇನೋ ಎಂಬ ಅನುಮಾನಕ್ಕೆ ಮತ್ತೆ ಹೋಗಿ ಮತ್ತೆ ವಜೂ ಮಾಡುತ್ತಿದ್ದರು. ಹೆಂಡತಿ ಸೈದಾನಬಿಗೆ ಇದು ಗೊತ್ತಾದದ್ದು ಒಗೆಯುವ ಲುಂಗಿಗಳಿಂದ. ಆಕೆ ಮನೆಯಲ್ಲಿ ಮಾತಾಡುತ್ತಿದ್ದುದು ದಖ್ಖನಿ ಉರ್ದು. ಸಿಟ್ಟು ಬಂದಾಗ ಮಾತ್ರ ಕನ್ನಡಕ್ಕೆ ಬರುತ್ತಿದ್ದಳು, ಇಡೀ ಓಣಿಗೆ ತಿಳಿಯಲಿ ಎಂದು. ಅವತ್ತು ಓಣಿಗೆ ತಿಳಿಯಿತು.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಮರುವರ್ಷದ ಮಾತು ಇದು. ಗುಲಬರ್ಗಾದ ಡಾಕ್ಟರು ಕೈಗೆ ರಬ್ಬರಿನ ಚೀಲ ಹಾಕಿಕೊಂಡು, ಹಿಂದಿನಿಂದ ಬೆರಳು ಹಾಕಿ ನೋಡಿದರು. ಚಾಚಾ ಗೋಡೆಯ ಕಡೆಗೆ ಮುಖ ಮಾಡಿ ಕಣ್ಣು ಮುಚ್ಚಿದ್ದರು. ಕಣ್ಣು ತೆರೆದ ಮೇಲೂ ಡಾಕ್ಟರ ಮುಖ ನೋಡಲು ಆಗಲಿಲ್ಲ. ಮೂತ್ರದ ಚೀಲದ ಕೆಳಗೆ ಗಂಡಸರಿಗೆ ಒಂದು ಗ್ರಂಥಿ ಇರುತ್ತದೆ, ಪ್ರೊಸ್ಟೇಟ್ ಅಂತ. ವಯಸ್ಸಾದಂತೆ ಅದು ಎಲ್ಲರಿಗೂ ದಪ್ಪವಾಗುತ್ತದೆ. ಆದರೆ ಇವರದರಲ್ಲಿ ಒಂದು ಕಡೆ ಗಟ್ಟಿ ಗಂಟು ಹತ್ತಿದೆ ಎಂದರು. ಗಂಟು ಒಳ್ಳೆಯದೋ ಕೆಟ್ಟದ್ದೋ ಬೆರಳಿಗೆ ತಿಳಿಯುವುದಿಲ್ಲ. ಹೈದರಾಬಾದಿಗೆ ಹೋಗಿ ಉದ್ದ ಸೂಜಿಯಿಂದ ಅದರದೊಂದು ತುಣುಕು ತೆಗೆಸಬೇಕು, ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

"ಸೂಜಿ ಎಲ್ಲಿಂದ ಹಾಕ್ತಾರ್ರಿ?" ಎಂದು ಸೈದಾನಬಿಯೇ ಕೇಳಿದಳು. ಡಾಕ್ಟರು ಹೇಳಿದರು. ಚಾಚಾ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹೊರಗೆ ಬಂದರು.

ಅಂದಿನಿಂದ ಅವರಿಗೆ ಊಟ ಸೇರಲಿಲ್ಲ. ಅರಳೆ ಹಿಂಜಲು ಬಿಲ್ಲು ಹಿಡಿದರೆ ಕೈ ಅಲ್ಲೇ ನಿಲ್ಲುತ್ತಿತ್ತು. ಹೈದರಾಬಾದಿನ ಮಾತು ಎತ್ತಿದರೆ ಒಂದು ಸಲ ಮದುವೆಯ ಗಾದಿ ತುಂಬುವುದಿದೆ ಅಂದರು, ಇನ್ನೊಂದು ಸಲ ರಂಜಾನ್ ಬರಲಿ ಅಂದರು, ರಂಜಾನ್ ಬಂದಾಗ ರಂಜಾನ್ ಮುಗಿಯಲಿ ಅಂದರು. ಬಂದವರೆಲ್ಲ ಒಂದೇ ಮಾತು ಹೇಳಿ ಹೋದರು: ಅಂಜಬ್ಯಾಡ್ರಿ. ಅಬ್ದುಲ್ ಗನಿಯಂತೂ ಕಟ್ಟೆಯ ಮೇಲೆ ಕುಳಿತು, "ಅದರಾಗೇನದ ಚಾಚಾ, ಇರಿವಿ ಕಡದಂಗ. ನಾ ಆಗಿದ್ರ ನಕ್ಕೋತ ಹೋಗಿ ನಕ್ಕೋತ ಬರ್ತಿದ್ದೆ" ಅಂದ. ಈ ಧೈರ್ಯ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸೂಜಿ ಚುಚ್ಚುವುದು ಇನ್ನೊಬ್ಬರ ಮೈಗೆ ಎಂದಾದರೆ ನಾನೂ ಶೂರನೇ.

ಚಾಚಾ ಅಂಜಿದ್ದು ನೋವಿಗೆ ಮಾತ್ರ ಅಲ್ಲ. ಅವರಿಗೆ ಬೇರೆ ಕಾರಣ ಇತ್ತು, ಅದನ್ನು ಅವರು ಯಾರಿಗೂ ಹೇಳುವ ಹಾಗಿರಲಿಲ್ಲ.

ಎರಡು ವರ್ಷದ ಹಿಂದೆ ಸೇಡಂನಲ್ಲಿ ಅವರ ಗೆಳೆಯ ಬಾಬುಮಿಯಾ ತೀರಿಕೊಂಡಿದ್ದ. ನನಗೆ ಗುಸುಲ್ ಕೊಡುವವನು ದಸ್ತಗೀರನೇ ಆಗಬೇಕು ಎಂದು ಹೇಳಿ ಸತ್ತಿದ್ದ, ಅದಕ್ಕೆ ಚಾಚಾ ರೈಲು ಹತ್ತಿ ಹೋಗಿದ್ದರು. ಬಾಬುಮಿಯಾಗೂ ಇದೇ ರೋಗ, ಅವನನ್ನೂ ಸೂಜಿ ಹಾಕಿಸಲು ಹೈದರಾಬಾದಿಗೆ ಕರೆದುಕೊಂಡು ಹೋಗಿದ್ದಾರೆ ಎಂಬ ಸುದ್ದಿ ಮೊದಲೇ ಕಿವಿಗೆ ಬಿದ್ದಿತ್ತು. ಅವತ್ತು ಹೊದಿಕೆಯ ಕೆಳಗೆ ಬಟ್ಟೆ ಸುತ್ತಿದ ಕೈ ಹೋದಾಗ ಅಲ್ಲಿ ಏನೋ ದಪ್ಪಗೆ ಬಾತಿದ್ದು ತಗುಲಿತು. ಕೈ ಹೊರಗೆ ತೆಗೆದರೆ ಬಟ್ಟೆಗೆ ರಕ್ತ. ಹೊಸ ಬಟ್ಟೆ ಸುತ್ತಿ ತೊಳೆದರು, ಮತ್ತೆ ರಕ್ತ. ಕೊನೆಗೆ ತಾವೇ ಹಿಂಜಿದ ಅರಳೆಯನ್ನು ಇಟ್ಟು ಕಟ್ಟಿದರು. ಅವರ ಕೈ ಅವತ್ತೇ ತೀರ್ಮಾನ ಮಾಡಿತು: ಇವನನ್ನು ಕೊಂದದ್ದು ಸೂಜಿ. ಸುಮ್ಮನಿದ್ದ ಗಂಟನ್ನು ಚುಚ್ಚಿ ತೂತು ಮಾಡಿದರು, ತೂತಿನಿಂದ ಜೀವ ಹೋಯಿತು.

ಇದನ್ನು ಡಾಕ್ಟರಿಗೆ ಕೇಳಿದ್ದರೆ ಮುಗಿಯುತ್ತಿತ್ತು. ಕೇಳಬೇಕೆಂದರೆ ಬಾಬುಮಿಯಾನ ಮೈಯ ಗುಟ್ಟು ಬಿಡಬೇಕು. ಚಾಚಾ ಬಾಯಿ ಬಿಡಲಿಲ್ಲ, ಒಳಗೊಳಗೇ ಕೊರಗಿದರು.

ಸೈದಾನಬಿ ರಂಜಾನ್ ಹಬ್ಬ ಮುಗಿದ ವಾರವೇ ಚೀಲ ಕಟ್ಟಿದಳು. ಮಗಳ ಮನೆಗೆ ಬೀಗದ ಕೈ ಕೊಟ್ಟು, ಗಂಡನನ್ನು ಮುಂದೆ ಮಾಡಿಕೊಂಡು ಸ್ಟೇಶನ್ನಿಗೆ ನಡೆದಳು. ಪ್ಯಾಸೆಂಜರ್ ಗಾಡಿ ಬಂತು. ಬುರ್ಖಾ ಹಾಕಿದ ಹೆಣ್ಣುಮಗಳು, ಹೆಂಗಸರ ಡಬ್ಬಿ ಹತ್ತಿದಳು. ಚಾಚಾ ಪಕ್ಕದ ಡಬ್ಬಿ ಹತ್ತಿದರು. ಆಕೆ ಮಾಡಿದ ತಪ್ಪು ಇದೊಂದೇ.

ಮಳಖೇಡ ದಾಟುವವರೆಗೆ ಚಾಚಾ ಕಿಟಕಿಯ ಸರಳು ಹಿಡಿದು ಕುಳಿತಿದ್ದರು. ಸೇಡಂ ಬಂತು. ಚಹಾ ಕುಡಿದು ಬರುತ್ತೇನೆ ಎಂದು ಎದುರಿಗೆ ಕುಳಿತವರಿಗೆ ಹೇಳಿ ಇಳಿದರು. ಆ ಮನುಷ್ಯರು ಇವರನ್ನು ಏನೂ ಕೇಳಿರಲಿಲ್ಲ. ಚಹಾದ ಅಂಗಡಿಯ ತಗಡಿನ ಹಿಂದೆ ನಿಂತರು. ಸೀಟಿ ಆಯಿತು, ಗಾಡಿ ಅಲುಗಿತು, ಹೆಂಗಸರ ಡಬ್ಬಿ ಕಣ್ಣ ಮುಂದೆಯೇ ಹೋಯಿತು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆಮೇಲೆ ಜೇಬಿಗೆ ಕೈ ಹಾಕಿ ನೋಡಿದರೆ ಇಬ್ಬರ ಟಿಕೀಟೂ ಅಲ್ಲೇ ಇದ್ದವು.

ಎಲ್ಲಿಗೆ ಹೋಗುವುದು ಎಂದು ತಿಳಿಯದೆ, ಸೇಡಂನಲ್ಲಿ ಗೊತ್ತಿದ್ದ ಒಂದೇ ಮನೆಗೆ ಕಾಲು ನಡೆದವು. ಬಾಬುಮಿಯಾನ ಹೆಂಡತಿ ಆಶಾಬಿ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಇವರನ್ನು ಕಂಡು ಸೆರಗು ಎಳೆದುಕೊಂಡು ಎದ್ದಳು.

"ಬರ್ರಿ ಭಾಯಿಸಾಬ, ಕುಂದ್ರಿ. ಮುಖ ಯಾಕ ಹಿಂಗ ಕಪ್ಪಿಟ್ಟದ?"

ಚಾಚಾ ನೀರು ಕುಡಿದರು. ರೋಗದ ಮಾತು ಹೇಳಿದರು, ಸೂಜಿಯ ಮಾತು ಹೇಳಿದರು. ರೈಲಿನಿಂದ ಇಳಿದದ್ದನ್ನು ಹೇಳಲಿಲ್ಲ. ಆಮೇಲೆ ನೆಲ ನೋಡುತ್ತ, "ಬಾಬುಮಿಯಾಗ ಸೂಜಿ ಹಾಕಿಂದ ಭಾಳ ತ್ರಾಸ ಆಗಿತ್ತೇನ್ರಿ?" ಅಂದರು.

"ಯಾವ ಸೂಜಿ?" ಎಂದಳು ಆಶಾಬಿ. "ಅವರಿಗೆ ಯಾರ್ ಸೂಜಿ ಹಾಕ್ಯಾರ?"

ಚಾಚಾ ತಲೆ ಎತ್ತಿದರು.

"ಹಾಕಸ್ಬೇಕಂತ ಹೊಂಟಿದ್ವಿ. ತಾಂಡೂರಿನಾಗ ಬೀಡಿ ತರ್ತೀನಂತ ಇಳದು ಓಡಿ ಬಂದ್ರು. ಸೂಜಿ ಹಾಕಿದ್ರ ಬ್ಯಾನಿ ಮೈತುಂಬ ಹರಡ್ತದಂತ ಯಾರೋ ಹೇಳಿದ್ರಂತ. ಒಂದು ವರ್ಷ ರಕ್ತ ಹೊಂಟ್ರೂ ನನಗ ಹೇಳ್ಲಿಲ್ಲ. ಕಡೀಗಿ ಮೂತ್ರನೇ ಬಂದ್ ಆಯ್ತು, ಹೊರಸಿನ ಮ್ಯಾಲ ಹೊತ್ಕೊಂಡು ಹೋದ್ವಿ. ಬ್ಯಾನಿ ಎಲುಬಿನಾಗ ಇಳದದ, ಈಗ ಸೂಜಿ ಹಾಕಿ ಏನ್ ನೋಡ್ಲಿ ಅಂದ ಡಾಕ್ಟರ. ಬರೇ ನಳಿಗಿ ಹಾಕಿ ಕಳಿಸಿದ. ಆ ನಳಿಗಿ ತೆಗೆದ ಮ್ಯಾಲ ರಕ್ತ ನಿಲ್ಲಲೇ ಇಲ್ಲ." ಆಕೆ ಮೊರದ ಜೋಳದಲ್ಲಿ ಕೈಯಾಡಿಸಿದಳು. "ನಿಮಗ ಗೊತ್ತೇ ಅದಲ್ಲ. ನಿಮ್ ಕೈಗಿ ಹತ್ತಿರಬೇಕು."

ಚಾಚಾ ತಮ್ಮ ಬಲಗೈಯನ್ನು ನೋಡಿಕೊಂಡರು. ಎರಡು ವರ್ಷ ಆ ಕೈಯನ್ನು ನಂಬಿ ಕುಳಿತಿದ್ದರು. ಬಾಬುಮಿಯಾನನ್ನು ಕೊಂದದ್ದು ಸೂಜಿಯಲ್ಲ, ಸೂಜಿಗೆ ಅಂಜಿ ಓಡಿ ಬಂದದ್ದು. ಅವನು ಬೀಡಿಗೆ ಎಂದು ಇಳಿದಿದ್ದ, ತಾವು ಚಹಾಕ್ಕೆ ಎಂದು ಇಳಿದಿದ್ದಾರೆ.

ಇಷ್ಟು ತಿಳಿದ ಮೇಲೆ ಅಂಜಿಕೆ ಹೋಯಿತು ಎಂದು ಬರೆಯಲು ನನಗೂ ಆಸೆ. ಹೋಗಲಿಲ್ಲ. ಇದುವರೆಗೆ ಸೂಜಿ ಒಂದೇ ಹೆದರಿಸುತ್ತಿತ್ತು; ಈಗ ಮುಂದೆ ಸೂಜಿ, ಹಿಂದೆ ಬಾಬುಮಿಯಾ. ಎದ್ದು ಸ್ಟೇಶನ್ನಿನ ಕಡೆಗೆ ನಡೆದರು.

ಸಂಜೆಯ ಗಾಡಿಗೆ ಸೈದಾನಬಿ ತಾಂಡೂರಿನಿಂದ ಹೊಳ್ಳಿ ಬಂದಳು. ಅಲ್ಲಿ ಇಳಿದು ಡಬ್ಬಿ ಡಬ್ಬಿ ಹುಡುಕಿ, ಟಿಕೀಟು ಕೇಳಿದವನಿಗೆ ನನ್ನ ಗಂಡನನ್ನು ಮೊದಲು ತಂದುಕೊಡು ಎಂದು ಜಗಳ ಮಾಡಿ ಬಂದಿದ್ದಳು. ಪ್ಲಾಟ್‌ಫಾರ್ಮಿನ ಕಲ್ಲಿನ ಮೇಲೆ ಕುಳಿತಿದ್ದ ಚಾಚಾನನ್ನು ಕಿಟಕಿಯಿಂದ ಕಂಡು ಸೇಡಂನಲ್ಲೇ ಇಳಿದಳು. ಬುರ್ಖಾದ ಮುಸುಕು ಮೇಲಕ್ಕೆ ಹಾಕಿ ಕನ್ನಡದಲ್ಲಿ ಶುರು ಮಾಡಿದಳು.

"ಸಾಯೋದಿದ್ರ ಮನ್ಯಾಗ ಸಾಯ್ರಿ, ಯಾರ ಬ್ಯಾಡ ಅಂತಾರ. ಹಿಂಗ ನಡು ಹಾದ್ಯಾಗ ನನ್ ಬಿಟ್ಟು ಓಡಿ ಹೋಗಬ್ಯಾಡ್ರಿ. ಊರ ಮಂದಿಗೆಲ್ಲಾ ನೀವು ಜಳಕಾ ಮಾಡಸ್ತೀರಿ. ನಿಮಗ ಯಾರ್ ಮಾಡಸ್ಬೇಕು, ಹೇಳ್ರಿ."

ಅಷ್ಟು ಹೇಳಿ ಆಕೆ ಅಲ್ಲೇ ಕುಳಿತು ಅತ್ತಳು. ಚಾಚಾ ಟಿಕೀಟು ತೆಗೆದು ಆಕೆಯ ಕೈಗೆ ಕೊಟ್ಟರು. "ನಾಳಿ ಹೋಗಾಮು" ಅಂದರು. ಆ ರಾತ್ರಿ ಆಶಾಬಿಯ ಮನೆಯಲ್ಲಿ ಉಳಿದು ಮರುದಿನ ಗಾಡಿ ಹತ್ತಿದಾಗ ಸೈದಾನಬಿ ಹೆಂಗಸರ ಡಬ್ಬಿಗೆ ಹೋಗಲಿಲ್ಲ. ಗಂಡಸರ ನಡುವೆ ಕುಳಿತು, ತಾಂಡೂರು ದಾಟುವವರೆಗೆ ಗಂಡನ ಅಂಗಿಯ ಚುಂಗು ಹಿಡಿದುಕೊಂಡಿದ್ದಳು.

ಹೈದರಾಬಾದಿನ ದವಾಖಾನೆಯ ಆ ಕೋಣೆಗೆ ಚಾಚಾನನ್ನು ಕರೆದೊಯ್ದವನು ಜಟ್ಟೆಪ್ಪ ಎಂಬ ಆಳು. ಚಿಂಚೋಳಿ ಕಡೆಯ ಚಿಮ್ಮನಚೋಡದವನು, ವಯಸ್ಸಾದವನು. ಹೊರಗಿನ ಬೆಂಚಿನ ಮೇಲಿದ್ದವರು, ಒಳಗಿನ ನರ್ಸಮ್ಮ, ಬಾಗಿಲು ಕಾಯುವವನು, ಎಲ್ಲರೂ ಉರ್ದುವಿನಲ್ಲಿ ಡರೋ ಮತ್, ಅಂಜಬೇಡ ಎಂದು ಹೇಳಿಯಾಗಿತ್ತು. ಹೇಳಿದಷ್ಟೂ ಚಾಚಾನ ಬಾಯಿ ಒಣಗುತ್ತಿತ್ತು. ಇಷ್ಟು ಜನ ಹೇಳಬೇಕಾದರೆ ಒಳಗೆ ಏನೋ ದೊಡ್ಡದೇ ಇರಬೇಕು ಅನಿಸುತ್ತಿತ್ತು.

ಕೋಣೆಯಲ್ಲಿ ಎತ್ತರದ ಮೇಜು, ಗೋಡೆಗೆ ನೀರಿನ ನಳ, ಒಂದು ಬಕೆಟ್ಟು. ಚಾಚಾ ಮೇಜಿನ ಮೇಲೆ ಮಲಗಿದರು. ಜಟ್ಟೆಪ್ಪ ಹೊಕ್ಕುಳಿಂದ ಮೊಣಕಾಲವರೆಗೆ ಬಿಳಿ ಬಟ್ಟೆ ಹೊದಿಸಿ, "ಎಡ ಮಗ್ಗಲಾಗ್ರಿ ಕಾಕಾ" ಅಂದ.

ಚಾಚಾ ಎದ್ದು ಕುಳಿತುಬಿಟ್ಟರು. ಕಾಲು ಕೆಳಗೆ ಬಿಟ್ಟು ಬಾಗಿಲು ನೋಡಿದರು.

"ಏನಾಯ್ತ್ರಿ?"

"ನಾ ಸತ್ತವರಿಗಿ ಜಳಕಾ ಮಾಡ್ಸಾಂವ" ಅಂದರು ಚಾಚಾ. "ನಾವೂ ಹಿಂಗೇ ಬಟ್ಟಿ ಹೊಚ್ಚತೀವಿ. ನಾವೂ ಮೊದಲ ಎಡ ಮಗ್ಗಲಾ ಹೊಳ್ಸ್ತೀವಿ. ನನ್ ಕೈಲಿ ಆಗಂಗಿಲ್ಲ. ನಾ ಹೋಗ್ತೀನಿ."

ಜಟ್ಟೆಪ್ಪ ನಗಲಿಲ್ಲ. ಡಾಕ್ಟರು ಇನ್ನೂ ಕೈ ತೊಳೆಯುತ್ತಿದ್ದರು. ಅವನು ಹತ್ತಿರ ಬಂದು ನಿಂತ.

"ಅಂಜಿಕಿ ಆಗ್ಯದೇನ್ರಿ?"

"ಭಾಳ ಆಗ್ಯದ."

"ಆಗ್ತದ್ರಿ. ಈ ಮೇಜಿನ ಮ್ಯಾಲ ಅಂಜದೇ ಮಲಗಿದವರಿಗಿ ನಾ ಇನ್ನಾ ನೋಡಿಲ್ಲ. ಹೋಗ್ತೀನಂದ್ರ ಹೋಗ್ರಿ, ನಾ ಹಿಡಿಯಂಗಿಲ್ಲ. ಮಲಗ್ತೀನಂದ್ರ ಏನ್ ಬೇಕು ಹೇಳ್ರಿ."

ಚಾಚಾನ ಮುಂದೆ ಬಾಬುಮಿಯಾ ಬೀಡಿಗೆ ಇಳಿದು ಹೋಗುವುದು ಕಂಡಿತು. ಹೊರಗಿನ ಬೆಂಚಿನಲ್ಲಿ ಸೈದಾನಬಿ ಕುಳಿತಿದ್ದಳು. ಕೆಳಗೆ ಬಿಟ್ಟ ಕಾಲು ಮೇಲಕ್ಕೆ ಎಳೆದುಕೊಂಡು ಅವರು, "ಮುಟ್ಟೂಕಿಂತ ಮೊದಲ ಹೇಳ್ರಿ" ಅಂದರು. "ಹೇಳದೇ ಕೈ ಹಚ್ಚಬ್ಯಾಡ್ರಿ. ಇಷ್ಟೇ."

"ಹೇಳ್ತೀನಿ. ಕೈ ಕೊಡ್ರಿ ಇಲ್ಲಿ."

ಚಾಚಾ ಎಡ ಮಗ್ಗಲಾಗಿ ಮಲಗಿ ಮೊಣಕಾಲು ಹೊಟ್ಟೆಗೆ ಎಳೆದುಕೊಂಡರು. ಬಾಯಲ್ಲಿ ಕಲಿಮಾ ಓದುತ್ತಿದ್ದರು, ಅದು ನಡುನಡುವೆ ತಪ್ಪುತ್ತಿತ್ತು. ಕೆಲಸ ಡಾಕ್ಟರದು. ಮಾತೆಲ್ಲ ಜಟ್ಟೆಪ್ಪನದು. ಈಗ ತಣ್ಣಗ ಔಷಧ ಹಚ್ಚತಾರ್ರಿ. ಈಗ ಸಣ್ಣ ಸೂಜಿ, ಜಗಾ ಜೋಮು ಹಿಡಿಯಾಕ. ಈಗ ಬೆರಳು. ಈಗ ದೊಡ್ಡ ಸೂಜಿ, ಉಸುರು ಬಿಡ್ರಿ ಕಾಕಾ, ಇದು ನೋಯ್ತದ. ನೋಯಿತು. ಬೆನ್ನಿನ ಕೆಳಗಿನಿಂದ ಹೊಟ್ಟೆಯವರೆಗೆ ಯಾರೋ ಒಳಗಿನಿಂದ ಹಿಡಿದು ಜಗ್ಗಿದಂತಾಗಿ ಚಾಚಾ ಕೂಗಿದರು. ಬಿಡಿಸಿಕೊಂಡು ಓಡಬೇಕೆಂದು ಮೈಯೆಲ್ಲ ಹೇಳುತ್ತಿತ್ತು. ಜಟ್ಟೆಪ್ಪನ ಕೈಯಲ್ಲಿ ಅವರ ಉಗುರು ಊರಿದ್ದವು. ಇನ್ನೊಂದು ಸಲ ಅದ್ರಿ. ಅದೂ ಆಯಿತು. ಈಗ ಒರಸ್ತೀನಿ, ರಕ್ತ ಅದ, ಇರ್ತದ. ಈಗ ಮುಗೀತು, ಅಂಗಾತ ಆಗ್ರಿ.

ಕಥೆ ಹೇಳುವವರು ಇಲ್ಲಿ ಓದುವವರನ್ನು ಕಾಯಿಸುತ್ತಾರೆ. ನನಗೆ ಅದು ಸೇರುವುದಿಲ್ಲ, ಕಾಯುವ ಸಂಕಟ ಏನೆಂದು ಗೊತ್ತಿದೆ. ಗಂಟು ಕೆಟ್ಟದ್ದೇ ಆಗಿತ್ತು. ಆದರೆ ಇದ್ದ ಜಾಗದಲ್ಲೇ ಇತ್ತು, ಎಲುಬಿಗೆ ಇಳಿದಿರಲಿಲ್ಲ. ಆಪರೇಷನ್ ಮಾಡಿದರು, ಗುಳಿಗೆ ಕೊಟ್ಟರು. ಚಾಚಾ ಮೊಮ್ಮಗಳ ಮದುವೆಯ ಗಾದಿ ತಮ್ಮ ಕೈಯಿಂದಲೇ ತುಂಬಿದರು. ತೋರಿಸಲು ಹೈದರಾಬಾದಿಗೆ ಹೋದಾಗಲೆಲ್ಲ ಮೊದಲಿನಷ್ಟೇ ಅಂಜುತ್ತಿದ್ದರು. ಸೇಡಂ ಬಂದ ಕೂಡಲೇ ಸೈದಾನಬಿ ಮರೆಯದೆ ಅಂಗಿಯ ಚುಂಗು ಹಿಡಿಯುತ್ತಿದ್ದಳು.

ಹೇಳಬೇಕಾದ್ದು ಇನ್ನೊಂದಿದೆ, ಅದು ಫಲಿತ ಬರುವ ಮೊದಲು ನಡೆದದ್ದು.

ಸೂಜಿ ಹಾಕಿಸಿಕೊಂಡು ಬಂದ ಮೇಲೆ ಕೆಲವು ದಿನ ಮೂತ್ರದಲ್ಲಿ ರಕ್ತ ಹೋಗುತ್ತಿತ್ತು. ಹೋಗುತ್ತದೆ ಎಂದು ಜಟ್ಟೆಪ್ಪ ಮೊದಲೇ ಹೇಳಿದ್ದ. ಆದರೂ ಕೆಂಪು ಕಂಡಾಗಲೆಲ್ಲ ಚಾಚಾನಿಗೆ ಬಟ್ಟೆ ಸುತ್ತಿದ ತಮ್ಮ ಕೈ ನೆನಪಾಗಿ ಕಣ್ಣು ಕತ್ತಲೆ ಬರುತ್ತಿತ್ತು. ರಕ್ತ ನಿಂತ ಮೇಲೆ ಫಲಿತದ ಅಂಜಿಕೆ ಶುರುವಾಯಿತು. ಹೀಗಿರುವಾಗ ಒಂದು ಮುಂಜಾನೆ ಅಬ್ದುಲ್ ಗನಿ ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದವನು ತಕ್ಕಡಿಯ ಮೇಲೆಯೇ ಬಿದ್ದು ತೀರಿಕೊಂಡ. ಚಾಚಾನಿಗೆ ಹುಷಾರಿಲ್ಲ ಎಂದು ಗೊತ್ತಿದ್ದೂ ಮನೆಯವರು ಕರೆ ಕಳಿಸಿದರು. ಬೇರೆಯವರ ಕೈ ಅವರಿಗೆ ಬೇಡವಾಗಿತ್ತು.

ಚಾಚಾ ಹೋದರು. ಅವರ ಕೈಕೆಳಗೆ ಕೆಲಸ ಕಲಿತ ಅಳಿಯ ಶಹಾಬುದ್ದೀನ ಬಾರಿಹಣ್ಣಿನ ಗಿಡದ ಎಲೆ ಹಾಕಿ ಕಾಸಿದ ನೀರು ತಂದ. ಪರದೆ ಕಟ್ಟಿದರು. ಬಟ್ಟೆ ಹೊದಿಸಿದರು. ಚಾಚಾ ಗನಿಯ ಭುಜದ ಹತ್ತಿರ ಬಾಗಿ, ಯಾವಾಗಲೂ ಹೇಳುವಂತೆ, "ಅಂಜಬ್ಯಾ..." ಎಂದವರು ನಿಲ್ಲಿಸಿದರು.

ನಗುತ್ತ ಹೋಗಿ ನಗುತ್ತ ಬರುತ್ತಿದ್ದೆ ಎಂದಿದ್ದ ಗನಿಯ ಮುಖ ಅವರ ಮುಂದಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಎಷ್ಟು ಜನರಿಗೆ ತಾವು ಈ ಮಾತು ಹೇಳಿದ್ದೇವೆ, ಎಷ್ಟು ಸಲೀಸಾಗಿ ಹೇಳಿದ್ದೇವೆ ಎಂದು ಚಾಚಾನಿಗೆ ಅನಿಸಿತು. ಏನಾಯಿತೋ ಎಂದು ಶಹಾಬುದ್ದೀನ ತಂಬಿಗೆ ಹಿಡಿದು ಅವರನ್ನೇ ನೋಡಿದ.

"ಅಂಜಿಕಿ ಆಗ್ತದ ಗನಿಭಾಯಿ" ಅಂದರು ಚಾಚಾ. "ನನಗೂ ಆಗಿತ್ತು. ಇನ್ನಾ ಅದ. ಈಗ ಎಡ ಮಗ್ಗಲಾ ಹೊಳ್ಸ್ತೀನಿ. ಕೈ ನಂದೇ ಅದ."

ಶಹಾಬುದ್ದೀನ ಬಲಭುಜದ ಮೇಲೆ ನೀರು ಬಿಟ್ಟ.